‘ಎಲ್ಲದಕ್ಕೂ ಸೈ’ ಎನಿಸಿಕೊಂಡಿದ್ದ ನೆಫ್ತಾಲಿ ಸೊಟೊ ಯೊಕೊಹಾಮಾದಲ್ಲಿ ಗೆದ್ದದ್ದು ಹೇಗೆ?

ಕನ್ನಾಯ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಸಲ್ಲದವರು ಜಪಾನಿಗೆ ಬಂದು ಸುಲಭವಾಗಿ ಹೆಸರು ಮಾಡುತ್ತಾರೆ ಎಂದು ಇಲ್ಲಿ ಹಲವರು ಬರೆಯುವುದನ್ನು ನೋಡಿದ್ದೇನೆ. ನಾನು 2016ರಿಂದ ಯೊಕೊಹಾಮಾದಲ್ಲಿದ್ದೇನೆ. ಕನ್ನಾಯ್ ನಿಲ್ದಾಣದಲ್ಲಿ ಇಳಿದರೆ ಕೆಲವೇ ಹೆಜ್ಜೆಗಳ ದೂರದಲ್ಲಿ ಬೇಸ್‌ಬಾಲ್ ಕ್ರೀಡಾಂಗಣವಿದೆ. ಅಲ್ಲಿಯ ಡಿಎನ್‌ಎ ಬೇಸ್ಟಾರ್ಸ್ ತಂಡದ ಪಂದ್ಯಗಳನ್ನು ವರ್ಷಕ್ಕೆ ಹತ್ತಾರು ಬಾರಿ ಕಣ್ಣಾರೆ ನೋಡುತ್ತೇನೆ. ಆ ‘ಸುಲಭ’ ಎಂಬ ಮಾತನ್ನು ಆ ತಂಡದಲ್ಲಿ ಆಡಿದ ನೆಫ್ತಾಲಿ ಸೊಟೊ ಅವರ ಉದಾಹರಣೆಯಿಂದ ಪರಿಶೀಲಿಸಬೇಕೆಂಬುದು ನನ್ನ ಆಸೆ.

ಸೊಟೊ ಪೋರ್ಟೊ ರಿಕೊದವರು. 2007ರಲ್ಲಿ ಸಿನ್ಸಿನಾಟಿ ರೆಡ್ಸ್ ತಂಡ ಅವರನ್ನು ಹೊಸ ಆಟಗಾರರ ವಾರ್ಷಿಕ ಆಯ್ಕೆಯ ಮೂರನೆಯ ಸುತ್ತಿನಲ್ಲಿ ಆರಿಸಿಕೊಂಡಿತು. ಆಗ ಅವರು ಶಾರ್ಟ್‌ಸ್ಟಾಪ್, ಅಂದರೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಕ್ಷೇತ್ರರಕ್ಷಕ. ಅಲ್ಲಿಂದ ಅವರನ್ನು ಮೂರನೆಯ ಬೇಸ್‌ಗೆ ಕಳಿಸಿದರು, ಕೆಲಕಾಲ ಕ್ಯಾಚರ್‌ನ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನ) ಕವಚ ತೊಡಿಸಿ ನೋಡಿದರು, ಕೊನೆಗೆ ಮೊದಲ ಬೇಸ್‌ನಲ್ಲಿ ನಿಲ್ಲಿಸಿದರು. ಆದರೆ ರೆಡ್ಸ್ ತಂಡದ ಮೊದಲ ಬೇಸ್‌ನಲ್ಲಿ ಜೋಯಿ ವಾಟ್ಟೊ ಇದ್ದರು. 2012ರಲ್ಲಿ ಅವರ ಒಪ್ಪಂದವನ್ನು ಇನ್ನೂ ಹತ್ತು ವರ್ಷ ವಿಸ್ತರಿಸಿದ ಮೇಲೆ ಆ ಜಾಗ ಖಾಲಿಯಾಗುವ ಪ್ರಶ್ನೆಯೇ ಉಳಿಯಲಿಲ್ಲ. ಮೂರನೆಯ ಬೇಸ್‌ನಲ್ಲಿ ಟಾಡ್ ಫ್ರೇಜಿಯರ್ ಇದ್ದರು. ಹೀಗಾಗಿ ಸೊಟೊಗೆ 2013 ಮತ್ತು 2014ರಲ್ಲಿ ಸಿಕ್ಕಿದ್ದು ಒಟ್ಟು 34 ಪಂದ್ಯ, ಅದೂ ಹೆಚ್ಚಾಗಿ ಪಂದ್ಯದ ಕೊನೆಯಲ್ಲಿ ಬೇರೊಬ್ಬರ ಬದಲಿಗೆ ಬ್ಯಾಟ್ ಹಿಡಿಯುವ ಒಂದೊಂದು ಅವಕಾಶ. ಮೇಜರ್ ಲೀಗ್‌ನಲ್ಲಿ ಅವರ ಹೆಸರಿನಲ್ಲಿ ಒಂದು ಹೋಮ್‌ರನ್ (ಬೇಲಿಯಾಚೆಗೆ ಹೋಗುವ ಹೊಡೆತ) ಕೂಡ ಇಲ್ಲ. ಆಮೇಲೆ ವೈಟ್ ಸಾಕ್ಸ್ ಮತ್ತು ನ್ಯಾಷನಲ್ಸ್ ತಂಡಗಳ ಕೆಳಹಂತದ ಲೀಗ್‌ಗಳಲ್ಲಿ ಮೂರು ವರ್ಷ ಕಳೆದರು.

2017ರ ಶರತ್ಕಾಲದಲ್ಲಿ ಅವರು ಬೇಸ್ಟಾರ್ಸ್ ತಂಡದ ಅಭ್ಯಾಸ ಶಿಬಿರಕ್ಕೆ ಬಂದು ಆಯ್ಕೆಯ ಪರೀಕ್ಷೆ ಕೊಟ್ಟರು. ವಯಸ್ಸು 28. ಮರುವರ್ಷ ಮೇ ತಿಂಗಳವರೆಗೆ ಮೊದಲ ತಂಡದಲ್ಲಿ (ಲೀಗ್ ಪಂದ್ಯಗಳನ್ನಾಡುವ ಮುಖ್ಯ ತಂಡದಲ್ಲಿ) ಅವರ ಮುಖ ಕಾಣಲಿಲ್ಲ. ಹಾಗಿದ್ದೂ 143 ಪಂದ್ಯಗಳ ಋತುವಿನಲ್ಲಿ 107 ಪಂದ್ಯ ಆಡಿ, .310 ಸರಾಸರಿಯಲ್ಲಿ (ಹತ್ತು ಪ್ರಯತ್ನಗಳಲ್ಲಿ ಮೂರಕ್ಕೂ ಹೆಚ್ಚು ಯಶಸ್ವಿ ಹೊಡೆತ) 41 ಹೋಮ್‌ರನ್ ಹೊಡೆದು, ಜಪಾನಿನ ಎರಡು ಲೀಗ್‌ಗಳಲ್ಲೊಂದಾದ ಸೆಂಟ್ರಲ್ ಲೀಗ್‌ನ ಹೋಮ್‌ರನ್ ಕಿರೀಟ ಪಡೆದರು. 2019ರಲ್ಲಿ 43 ಹೋಮ್‌ರನ್, 108 ಆರ್‌ಬಿಐ (ತಮ್ಮ ಹೊಡೆತದಿಂದ ತಂಡಕ್ಕೆ ಬಂದ ಓಟಗಳು). ಎರಡರಲ್ಲೂ ಲೀಗ್‌ಗೆ ಮೊದಲಿಗರು.

ನನ್ನ ವಾದ ಇಷ್ಟು. ಅಮೆರಿಕದಲ್ಲಿ ಅವರಿಗೆ ಮುಳುವಾಗಿದ್ದ ‘ಎಲ್ಲಿ ಬೇಕಾದರೂ ನಿಲ್ಲುತ್ತಾನೆ’ ಎಂಬ ಹಣೆಪಟ್ಟಿಯನ್ನು ಅವರು ಜಪಾನಿಗೆ ಬಂದ ಮೇಲೆ ಕಿತ್ತೆಸೆಯಲಿಲ್ಲ. ಆ ಗುಣದಿಂದಲೇ ಅವರು ಇಲ್ಲಿ ಉಳಿದರು. ಇದಕ್ಕೆ ನಿಮ್ಮ ಅಭಿಪ್ರಾಯ ತಿಳಿಸಿ.

ತುಂಗಾತೀರ:

ಲೇಖನ ಓದಿ ಸಂತೋಷವಾಯಿತು. ನನಗೆ ಬೇಸ್‌ಬಾಲ್ ಅಷ್ಟಾಗಿ ತಿಳಿಯದು, ಕ್ರಿಕೆಟ್ ನೋಡಿ ಬೆಳೆದವನು. ಆದ್ದರಿಂದ ಮೂಲಭೂತ ಪ್ರಶ್ನೆಯನ್ನೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಒಬ್ಬ ಆಟಗಾರ ನಾಲ್ಕಾರು ಸ್ಥಾನಗಳಲ್ಲಿ ನಿಲ್ಲಬಲ್ಲನೆಂದರೆ ಅದು ಹೆಚ್ಚುಗಾರಿಕೆಯಲ್ಲವೇ? ಅದು ಮುಳುವಾಗುವುದು ಹೇಗೆ?

ಕನ್ನಾಯ್ ಕನ್ನಡಿಗ:

ಒಳ್ಳೆಯ ಪ್ರಶ್ನೆ ಸರ್. ಬೇಸ್‌ಬಾಲ್‌ನಲ್ಲಿ ಸ್ಥಾನವೆಂದರೆ ಅದೊಂದು ಕಸುಬು. ಮೊದಲ ಬೇಸ್‌ನವನು ದಿನಕ್ಕೆ ಹತ್ತಾರು ಎಸೆತಗಳನ್ನು ಕಾಲು ಚಾಚಿ ಹಿಡಿಯುತ್ತಾನೆ. ಎರಡನೆಯ ಬೇಸ್‌ನವನು ಓಡಿಬರುವ ಎದುರಾಳಿಯ ಕಾಲಿಗೆ ಸಿಗದೆ ಗರ್ರನೆ ತಿರುಗಿ ಎಸೆಯಬೇಕು. ಬಲ ಅಂಗಳದವನು ಗೋಡೆಗೆ ಬಡಿದ ಚೆಂಡು ಎತ್ತ ಪುಟಿಯುವುದೆಂದು ಮೊದಲೇ ಊಹಿಸಬೇಕು. ಮೂವರ ಕೈಗವಸುಗಳೂ ಬೇರೆ ಬೇರೆ. ಮೊದಲ ಬೇಸ್‌ನದು ಬೆರಳುಗಳ ವಿಭಾಗವಿಲ್ಲದ ದಪ್ಪ ಗವಸು, ಎರಡನೆಯ ಬೇಸ್‌ನದು ಚೆಂಡನ್ನು ತಟ್ಟನೆ ಹೊರತೆಗೆಯಲು ಅನುಕೂಲವಾದ ಗಿಡ್ಡ ಗವಸು, ಹೊರ ಅಂಗಳದ್ದು ಉದ್ದನೆಯದು. 2018ರ ಒಂದು ಸಂಜೆ ನಾನು ಮೊದಲ ಬೇಸ್‌ನ ಬದಿಯ ಆಸನದಲ್ಲಿದ್ದಾಗ, ಬಲ ಅಂಗಳದಲ್ಲಿದ್ದ ಸೊಟೊ ಓಡಿಬಂದು, ಬೆಂಚಿನವರ ಕೈಗೆ ಉದ್ದ ಗವಸನ್ನು ಕೊಟ್ಟು, ಗಿಡ್ಡದನ್ನು ತೊಟ್ಟು ಎರಡನೆಯ ಬೇಸ್‌ಗೆ ಹೋದರು. ಬೆರಳುಗಳು ಸರಿಯಾಗಿ ಕೂತಿವೆಯೇ ಎಂದು ಬಲಗೈ ಮುಷ್ಟಿಯಿಂದ ಎರಡು ಬಾರಿ ಗುದ್ದಿ ನೋಡಿಕೊಂಡರು. ಮುಂದಿನ ಚೆಂಡೇ ಅವರತ್ತ ಉರುಳಿ ಬಂತು.

ಅಮೆರಿಕದಲ್ಲಿ ಯುಟಿಲಿಟಿ ಆಟಗಾರನೆಂದರೆ (ಹಲವು ಸ್ಥಾನಗಳಲ್ಲಿ ನಿಲ್ಲುವವನು) ಸಾಮಾನ್ಯವಾಗಿ ಖಾಯಂ ಆಟಗಾರನಿಗೆ ಗಾಯವಾದಾಗ, ದಣಿವಾದಾಗ ನೆನಪಾಗುವವನು. ವಾರಕ್ಕೆರಡು ಬಾರಿ ಬ್ಯಾಟ್ ಹಿಡಿದರೆ ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತಕ್ಕೆ ಕಣ್ಣು ಹೊಂದಿಕೊಳ್ಳುವುದೇ ಇಲ್ಲ. ಹೊಡೆಯದ ಕಾರಣ ಅವಕಾಶವಿಲ್ಲ, ಅವಕಾಶವಿಲ್ಲದ ಕಾರಣ ಹೊಡೆತವಿಲ್ಲ. ಮುಳುವಾಗುವುದು ಹೀಗೆ.

ಅಂಕಿಲೆಕ್ಕ:

ಭಾವನೆಯನ್ನು ಗೌರವಿಸುತ್ತೇನೆ, ಆದರೆ ಒಂದು ಆಕ್ಷೇಪವನ್ನು ದಾಖಲಿಸಲೇಬೇಕು. ಯೊಕೊಹಾಮಾ ಕ್ರೀಡಾಂಗಣ 1978ರಲ್ಲಿ ಕಟ್ಟಿದ್ದು. ಎಡ ಬಲ ಗೆರೆಗಳುದ್ದಕ್ಕೂ ಬೇಲಿ 94 ಮೀಟರ್ ದೂರದಲ್ಲಿದೆ, ನಡುವಿನಲ್ಲಿ ಸುಮಾರು 118 ಮೀಟರ್. ಈಗಿನ ಅಳತೆಗಳಿಗೆ ಹೋಲಿಸಿದರೆ ಇದು ಚಿಕ್ಕ ಅಂಗಳ. ಅರ್ಧದಷ್ಟು ಪಂದ್ಯಗಳನ್ನು ಅಲ್ಲಿ ಆಡುವ ಬಲಿಷ್ಠ ಬ್ಯಾಟರ್‌ಗೆ ಹೋಮ್‌ರನ್ ಹೆಚ್ಚು ಬರುವುದು ಸಹಜವಲ್ಲವೇ? ಅಲ್ಲದೆ ಜಪಾನಿನ ಬೌಲಿಂಗ್, ಅಂದರೆ ಪಿಚಿಂಗ್, ಸರಾಸರಿ ವೇಗದಲ್ಲಿ ಅಮೆರಿಕಕ್ಕಿಂತ ಕಡಿಮೆ. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಸ್ಥಾನ ಬದಲಾವಣೆಗೆ ಎಲ್ಲ ಶ್ರೇಯವನ್ನೂ ಕೊಡುವುದು ಸರಿಯಲ್ಲ.

ಕನ್ನಾಯ್ ಕನ್ನಡಿಗ:

ಅಂಗಳ ಚಿಕ್ಕದೆಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಅಂಗಳವನ್ನೇ ಮನೆಯಾಗಿಸಿಕೊಂಡಿದ್ದ ನಾಯಕ ತ್ಸುತ್ಸುಗೊ ಯೊಶಿತೊಮೊ 2018ರಲ್ಲಿ ಹೊಡೆದದ್ದು 38. ಸೊಟೊಗಿಂತ ಎಷ್ಟೋ ಹೆಚ್ಚು ಪಂದ್ಯಗಳನ್ನು ಆಡಿ. ಹಿರೊಶಿಮಾದ ಮಾರು ಯೊಶಿಹಿರೊ 39ಕ್ಕೆ ನಿಂತರು. ಮರುವರ್ಷ ಸೊಟೊ ನಂತರದ ಸ್ಥಾನ ಜೈಂಟ್ಸ್ ತಂಡದ ಸಕಮೊತೊ ಹಯಾತೊ ಅವರದು, 40 ಹೋಮ್‌ರನ್‌ಗಳೊಂದಿಗೆ. ಬೇಲಿ ಹತ್ತಿರವಿದ್ದ ಮಾತ್ರಕ್ಕೆ ಎರಡು ವರ್ಷ ಸತತವಾಗಿ ಇಡೀ ಲೀಗನ್ನು ಹಿಂದಿಕ್ಕಲು ಆಗುವುದಿಲ್ಲ.

ವೇಗದ ವಿಚಾರ ಬೇರೆ. ಇಲ್ಲಿಯ ಪಿಚರ್‌ಗಳು ವೇಗದಲ್ಲಿ ಒಂದಿಷ್ಟು ಹಿಂದಿರಬಹುದು, ಆದರೆ ಬ್ಯಾಟರ್ ವೇಗದ ಚೆಂಡನ್ನೇ ನಿರೀಕ್ಷಿಸುವ ಹೊತ್ತಿನಲ್ಲಿ ಕೆಳಗೆ ಕುಸಿಯುವ ಫೋರ್ಕ್‌ಬಾಲ್ ಎಸೆಯಲು ಅವರು ಹಿಂಜರಿಯುವುದಿಲ್ಲ. ಅಮೆರಿಕದಿಂದ ಬರುವ ಬಹುಪಾಲು ಬ್ಯಾಟರ್‌ಗಳು ಎಡವುವುದು ಅಲ್ಲಿಯೇ. ಬಾಸ್ಟನ್‌ನ ಮೈಕ್ ಗ್ರೀನ್‌ವೆಲ್ 1988ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗೆ ಎರಡನೆಯವರಾಗಿದ್ದವರು. 1997ರಲ್ಲಿ ಹಾನ್ಶಿನ್ ಟೈಗರ್ಸ್‌ಗೆ ಬಂದು ಏಳೇ ಪಂದ್ಯ ಆಡಿ, ಕಾಲಿಗೆ ಚೆಂಡು ಬಡಿದು ಗಾಯವಾದ ಮೇಲೆ ಆಟವನ್ನೇ ಬಿಟ್ಟರು. ದೊಡ್ಡ ಹೆಸರು ಬಂದ ಕಡೆಯಲ್ಲೆಲ್ಲ ಸಲ್ಲುತ್ತಿದ್ದರೆ ಅವರು ಸಲ್ಲಬೇಕಾಗಿತ್ತು.

ಬೆವರಿನ ಬೆಲೆ:

ನಾನು ಬೇಸ್‌ಬಾಲ್ ಆಡಿದವನಲ್ಲ, ಆದರೆ ಈ ನೋವನ್ನು ಬಲ್ಲೆ. ಕಾಲೇಜು ದಿನಗಳಲ್ಲಿ ವಾಲಿಬಾಲ್ ತಂಡದಲ್ಲಿದ್ದೆ. ತರಬೇತುದಾರರು ನನ್ನನ್ನು ಎಲ್ಲರ ಮುಂದೆ ಹೊಗಳುತ್ತಿದ್ದರು: ಇವನು ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಾನೆ ಎಂದು. ಮೂರು ವರ್ಷ ಆ ಹೊಗಳಿಕೆಯನ್ನು ಕೇಳಿಕೊಂಡು ಬೆಂಚಿನ ಮೇಲೆ ಕುಳಿತೆ. ವಿಶ್ವವಿದ್ಯಾಲಯ ಮಟ್ಟದ ಆಯ್ಕೆಯ ದಿನ ಅರ್ಜಿಯಲ್ಲಿ ‘ನಿಮ್ಮ ಸ್ಥಾನ’ ಎಂಬ ಅಂಕಣದ ಮುಂದೆ ಏನು ಬರೆಯಬೇಕೆಂದು ತೋಚದೆ ಪೆನ್ನು ಹಿಡಿದು ನಿಂತಿದ್ದು ಇಂದಿಗೂ ನೆನಪಿದೆ. ಸೊಟೊ ಅವರ 34 ಪಂದ್ಯಗಳ ಲೆಕ್ಕ ಓದಿದಾಗ ಆ ಖಾಲಿ ಅಂಕಣವೇ ಕಣ್ಣ ಮುಂದೆ ಬಂತು. 28ರ ವಯಸ್ಸಿನಲ್ಲಿ, ಭಾಷೆ ಬಾರದ ದೇಶಕ್ಕೆ ಹೋಗಿ, ಹೊಸಬನಂತೆ ಆಯ್ಕೆ ಪರೀಕ್ಷೆಗೆ ನಿಂತರಲ್ಲ, ಅದಕ್ಕೆ ಗುಂಡಿಗೆ ಬೇಕು. ‘ಸುಲಭ’ ಎನ್ನುವವರು ಆ ಒಂದು ದಿನವನ್ನು ಕಲ್ಪಿಸಿಕೊಳ್ಳಲಿ.

ಸೆಂಡೈ ಸಂಶೋಧಕಿ:

ನಾನು ಸೆಂಡೈ ನಗರದಲ್ಲಿ ಓದಿದವಳು. ಸೊಟೊಗಿಂತ ಮುಂಚೆಯೇ ಇಂಥದೊಂದು ಕಥೆಯನ್ನು ನಮ್ಮೂರು ನೋಡಿತ್ತು. ಕೇಸಿ ಮಗೀ 2010ರಲ್ಲಿ ಮಿಲ್ವಾಕಿ ಪರವಾಗಿ 104 ಆರ್‌ಬಿಐ ಗಳಿಸಿದ್ದವರು. ಎರಡೇ ವರ್ಷಗಳಲ್ಲಿ ಇಳಿಮುಖವಾಗಿ, 2012ರಲ್ಲಿ ಪಿಟ್ಸ್‌ಬರ್ಗ್ ಮತ್ತು ಯಾಂಕೀಸ್ ನಡುವೆ ಕೈಬದಲಾಗಿ, 2013ರಲ್ಲಿ ನಮ್ಮೂರಿನ ರಾಕುಟೆನ್ ತಂಡಕ್ಕೆ ಬಂದರು. ಆ ವರ್ಷ ಎಲ್ಲ 144 ಪಂದ್ಯಗಳಲ್ಲೂ ಆಡಿ 28 ಹೋಮ್‌ರನ್ ಹೊಡೆದರು. ತಂಡದ ಪಿಚರ್ ತನಾಕಾ ಮಸಹಿರೊ ಲೀಗ್‌ನಲ್ಲಿ 24 ಪಂದ್ಯ ಗೆದ್ದು ಒಂದನ್ನೂ ಸೋಲದ ವರ್ಷವದು. 2011ರ ಸುನಾಮಿಯಿಂದ ಚೇತರಿಸಿಕೊಳ್ಳುತ್ತಿದ್ದ ಊರಿಗೆ, ದೇಶದ ಚಾಂಪಿಯನ್ ಪಟ್ಟವನ್ನು ನಿರ್ಧರಿಸುವ ಜಪಾನ್ ಸೀರೀಸ್‌ನಲ್ಲಿ ಮೊದಲ ಗೆಲುವು ಸಿಕ್ಕಿದ ವರ್ಷವೂ ಹೌದು. ಆ ನವೆಂಬರ್ ರಾತ್ರಿ ನಮ್ಮ ವಸತಿನಿಲಯದ ಅಡುಗೆಯಜ್ಜಿ ಸೌಟನ್ನು ಕೈಯಲ್ಲಿ ಹಿಡಿದೇ ಟಿವಿಯ ಮುಂದೆ ನಿಂತು ಅತ್ತದ್ದನ್ನು ನಾನು ಮರೆಯಲಾರೆ.

ಆದರೆ ಈ ಚರ್ಚೆಗೆ ಮುಖ್ಯವಾದದ್ದು ಅದರ ನಂತರದ್ದು. ಮಗೀ ಅಮೆರಿಕಕ್ಕೆ ಮರಳಿ 2014ರಲ್ಲಿ ಮಯಾಮಿ ಪರವಾಗಿ ಆಡಿ, ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪುನರಾಗಮನದ ಪ್ರಶಸ್ತಿ ಪಡೆದರು. 2017ರಲ್ಲಿ ಮತ್ತೆ ಜಪಾನಿಗೆ, ಈ ಬಾರಿ ಯೊಮಿಉರಿ ಜೈಂಟ್ಸ್‌ಗೆ. ಮೂರನೆಯ ಬೇಸ್‌ನಲ್ಲಿ ಹಿರಿಯ ಮುರಾತಾ ಶುಇಚಿ ಅವರನ್ನೂ ಆಡಿಸಬೇಕೆಂದು ತಂಡ ಮಗೀಯನ್ನು ಋತುವಿನ ನಡುವೆ ಎರಡನೆಯ ಬೇಸ್‌ಗೆ ಸರಿಸಿತು. ಅವರು ಗೊಣಗದೆ ನಿಂತು .315 ಸರಾಸರಿಯಲ್ಲಿ 48 ಡಬಲ್‌ಗಳನ್ನು (ಎರಡನೆಯ ಬೇಸ್‌ವರೆಗೆ ಓಡಿಸುವ ಹೊಡೆತಗಳನ್ನು) ಹೊಡೆದರು. ಒಬ್ಬ ಸರಿದು ನಿಂತದ್ದರಿಂದ ತಂಡದಲ್ಲಿ ಇಬ್ಬರು ಒಳ್ಳೆಯ ಬ್ಯಾಟರ್‌ಗಳಿಗೆ ಜಾಗವಾಯಿತು. ಕನ್ನಾಯ್ ಅವರೇ, ನಿಮ್ಮ ವಾದ ಇದೇ ತಾನೆ?

ಕನ್ನಾಯ್ ಕನ್ನಡಿಗ:

ಹೌದು ಮೇಡಂ, ನಾನು ಸ್ಪಷ್ಟವಾಗಿ ಹೇಳಲಾರದೆ ಹೋದದ್ದನ್ನು ನೀವು ಹೇಳಿಕೊಟ್ಟಿರಿ. ಬೇಸ್ಟಾರ್ಸ್‌ನ ಸ್ಥಿತಿಯನ್ನೇ ನೋಡೋಣ. ಆಗಿನ ನಿಯಮದ ಪ್ರಕಾರ ಮೊದಲ ತಂಡದ ಪಟ್ಟಿಯಲ್ಲಿ ನಾಲ್ವರು ವಿದೇಶಿಯರಿಗೆ ಮಾತ್ರ ಅವಕಾಶ. ಆ ನಾಲ್ವರೂ ಪಿಚರ್‌ಗಳಾಗಿರುವಂತಿಲ್ಲ, ನಾಲ್ವರೂ ಬ್ಯಾಟರ್‌ಗಳಾಗಿರುವಂತಿಲ್ಲ. 2020ರಲ್ಲಿ ಸೋಂಕಿನ ಕಾರಣದಿಂದ ಐವರನ್ನು ಪಟ್ಟಿಯಲ್ಲಿಡಲು ಒಪ್ಪಿದರು. ಬೇಸ್ಟಾರ್ಸ್‌ಗೆ ಪಂದ್ಯದ ಕೊನೆಯ ಹಂತಕ್ಕೆ ಪ್ಯಾಟನ್, ಎಸ್ಕೊಬಾರ್ ಎಂಬ ವಿದೇಶಿ ಪಿಚರ್‌ಗಳು ಬೇಕೇಬೇಕಾಗಿತ್ತು. ಮೊದಲ ಬೇಸ್ ಹೊಸೆ ಲೊಪೆಸ್ ಅವರದು. ಎಡ ಅಂಗಳ ನಾಯಕ ತ್ಸುತ್ಸುಗೊ ಅವರದು. ಸೊಟೊ ಕೇವಲ ಮೊದಲ ಬೇಸ್‌ನ ಆಟಗಾರರಾಗಿದ್ದರೆ ಸಿನ್ಸಿನಾಟಿಯ ಕಥೆಯೇ ಇಲ್ಲಿಯೂ ಮರುಕಳಿಸುತ್ತಿತ್ತು, ವಾಟ್ಟೊ ಬದಲಿಗೆ ಲೊಪೆಸ್ ಎನ್ನುವುದಷ್ಟೇ ವ್ಯತ್ಯಾಸ. ಅವರು ಎರಡನೆಯ ಬೇಸ್‌ನಲ್ಲಿ, ಬಲ ಅಂಗಳದಲ್ಲಿ ನಿಲ್ಲಲು ಸಿದ್ಧರಿದ್ದುದರಿಂದ ಮೂವರ ಬ್ಯಾಟ್‌ಗಳೂ ಒಂದೇ ಪಟ್ಟಿಯಲ್ಲಿ ಕೂಡಿದವು. ಅವರ ಎರಡನೆಯ ಬೇಸ್‌ನ ಕೆಲಸ ನಾಜೂಕಿನದೆಂದು ನಾನು ಹೇಳುವುದಿಲ್ಲ. ಕೆಲವೊಮ್ಮೆ ಚೆಂಡು ಕೈತಪ್ಪಿ ಹೋದಾಗ ನನ್ನ ಸುತ್ತಲಿನವರು ನಿಟ್ಟುಸಿರು ಬಿಟ್ಟದ್ದುಂಟು. ಆದರೆ ಪ್ರತಿದಿನ ನಾಲ್ಕು ಬಾರಿ ಬ್ಯಾಟ್ ಹಿಡಿಯುವ ಅವಕಾಶವನ್ನು ಆ ಗಿಡ್ಡ ಗವಸು ದೊರಕಿಸಿಕೊಟ್ಟಿತು.

ತುಂಗಾತೀರ:

ಈಗ ನನಗೆ ಪೂರ್ತಿ ಅರ್ಥವಾಯಿತು. ಇದನ್ನು ನಮ್ಮ ಕನ್ನಡಿಗರಿಗೆ ವಿವರಿಸುವುದೇ ಬೇಕಾಗಿಲ್ಲ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ವಿಕೆಟ್ ಕೀಪರ್‌ನ ಗವಸು ತೊಟ್ಟದ್ದು ಏಕೆ? ಏಳನೆಯ ಬ್ಯಾಟ್ಸ್‌ಮನ್‌ಗೆ ಜಾಗ ಮಾಡಿಕೊಡಲು. 2023ರ ವಿಶ್ವಕಪ್‌ನಲ್ಲಿ ಕೆ. ಎಲ್. ರಾಹುಲ್ ಸ್ಟಂಪ್‌ಗಳ ಹಿಂದೆ ನಿಂತು ತಂಡಕ್ಕೆ ಕೊಟ್ಟದ್ದೂ ಅಂಥದೇ ಅನುಕೂಲ. ದ್ರಾವಿಡ್ ಅವರ ಬ್ಯಾಟಿಂಗ್ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಅದನ್ನು ತ್ಯಾಗವೆಂದು ಕರೆದೆವು. ಸೊಟೊ ಅವರ ಬ್ಯಾಟಿಂಗ್ ಯಾರಿಗೂ ಗೊತ್ತಿರಲಿಲ್ಲ. ಅವರ ವಿಷಯದಲ್ಲಿ ಅದೇ ಕೆಲಸಕ್ಕೆ ‘ನೆಲೆಯಿಲ್ಲದವನು’ ಎಂಬ ಹೆಸರು ಬಂತು.

ಹೊಕ್ಕೈಡೊ ಹಿಮ:

ಸ್ಥಾನದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಸೇರಿಸಬಯಸುತ್ತೇನೆ: ತರಬೇತುದಾರರ ತಾಳ್ಮೆ. ಬ್ರ್ಯಾಂಡನ್ ಲೇರ್ಡ್ ಯಾಂಕೀಸ್ ಮತ್ತು ಹ್ಯೂಸ್ಟನ್ ಪರವಾಗಿ ಮೂರು ವರ್ಷಗಳಲ್ಲಿ ಆಡಿದ್ದು ಐವತ್ತು ಚಿಲ್ಲರೆ ಪಂದ್ಯ. ಯಾಂಕೀಸ್‌ನಲ್ಲಿದ್ದಾಗ ಮೂರನೆಯ ಬೇಸ್‌ನಲ್ಲಿ ಅಲೆಕ್ಸ್ ರೋಡ್ರಿಗೆಜ್, ಮೊದಲ ಬೇಸ್‌ನಲ್ಲಿ ಮಾರ್ಕ್ ಟೆಷೇರಾ; ಮಧ್ಯೆ ಉಸಿರಾಡಲೂ ಜಾಗವಿರಲಿಲ್ಲ. 2015ರಲ್ಲಿ ಸಪ್ಪೊರೊದ ನಿಪ್ಪಾನ್-ಹ್ಯಾಮ್ ಫೈಟರ್ಸ್ ತಂಡಕ್ಕೆ ಬಂದ ಮೊದಲ ವರ್ಷದ ಅವರ ಸರಾಸರಿ .231 ಮಾತ್ರ. ಹಾಗಿದ್ದರೂ ವ್ಯವಸ್ಥಾಪಕ (ಅಂದರೆ ಮುಖ್ಯ ತರಬೇತುದಾರ) ಕುರಿಯಾಮಾ ಹಿದೆಕಿ ಅವರನ್ನು 143 ಪಂದ್ಯಗಳಲ್ಲೂ ಆಡಿಸಿದರು. ಹೋಮ್‌ರನ್ 34 ಬಂದವು. 2016ರಲ್ಲಿ 39 ಹೊಡೆದು, ಜಪಾನಿನ ಇನ್ನೊಂದು ಲೀಗ್ ಆದ ಪೆಸಿಫಿಕ್ ಲೀಗ್‌ನ ಹೋಮ್‌ರನ್ ಕಿರೀಟ ಗೆದ್ದರು. ಅದೇ ಅಕ್ಟೋಬರ್‌ನಲ್ಲಿ ಹಿರೊಶಿಮಾ ವಿರುದ್ಧದ ಜಪಾನ್ ಸೀರೀಸ್‌ನ ಆರನೆಯ ಪಂದ್ಯದ ಎಂಟನೆಯ ಇನ್ನಿಂಗ್‌ನಲ್ಲಿ, ಮೂರೂ ಬೇಸ್ ತುಂಬಿದ್ದಾಗ ಹೋಮ್‌ರನ್ ಹೊಡೆದು ಸರಣಿಯ ಶ್ರೇಷ್ಠ ಆಟಗಾರರಾದರು. ಹೋಮ್‌ರನ್ ಹೊಡೆದಾಗಲೆಲ್ಲ ಅವರು ಎರಡೂ ಕೈಗಳಿಂದ ಸುಶಿ ಒತ್ತುವ ಭಂಗಿ ಮಾಡುತ್ತಿದ್ದರು. ಸಪ್ಪೊರೊದ ಸುಶಿ ಅಂಗಡಿಯೊಂದರ ಒಡನಾಟದಿಂದ ಬಂದ ಅಭ್ಯಾಸವದು. ಊರಿನ ಮಕ್ಕಳೆಲ್ಲ ಅದನ್ನು ಅನುಕರಿಸುತ್ತಿದ್ದರು. ಅಮೆರಿಕದಲ್ಲಿ .231 ಸರಾಸರಿಯ ಅಪರಿಚಿತನೊಬ್ಬನಿಗೆ ಇಡೀ ಋತುವಿನ ಅವಕಾಶವನ್ನು ಯಾರೂ ಕೊಡುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಕಿಲೆಕ್ಕ:

ಅಂಗಳದ ವಿಚಾರದಲ್ಲಿ ಕನ್ನಾಯ್ ಅವರ ಉತ್ತರವನ್ನು ಒಪ್ಪಿದ್ದೇನೆ. ತಾಳ್ಮೆಯ ವಿಚಾರದಲ್ಲಿ ಒಂದು ತಿದ್ದುಪಡಿ. ಎಲ್ಲ ವಿದೇಶಿಯರಿಗೂ ಇಲ್ಲಿ ಅಂಥ ತಾಳ್ಮೆ ಸಿಗುವುದಿಲ್ಲ. ಅವರನ್ನು ಜಪಾನಿನಲ್ಲಿ ‘ಸುಕೆತ್ತೊ’ ಎನ್ನುತ್ತಾರೆ, ಅಂದರೆ ನೆರವಿಗೆ ಬಂದವನು. ನೆರವು ಕೂಡಲೇ ಕಾಣದಿದ್ದರೆ ಎರಡನೆಯ ತಂಡಕ್ಕೆ ಕಳಿಸುತ್ತಾರೆ, ವರ್ಷದ ಕೊನೆಗೆ ಬೀಳ್ಕೊಡುತ್ತಾರೆ. ಸೊಟೊ ಅದೃಷ್ಟವೆಂದರೆ ಅವರ ವ್ಯವಸ್ಥಾಪಕ ಅಲೆಕ್ಸ್ ರಮಿರೆಸ್ ಸ್ವತಃ ಸುಕೆತ್ತೊ ಆಗಿ ಬಂದವರು. ವೆನೆಜುವೆಲಾದ ರಮಿರೆಸ್ 2001ರಲ್ಲಿ ಜಪಾನಿನ ಯಾಕುಲ್ಟ್ ತಂಡ ಸೇರಿ, 2,017 ಹಿಟ್‌ಗಳನ್ನು ಗಳಿಸಿ, 2016ರಿಂದ 2020ರವರೆಗೆ ಬೇಸ್ಟಾರ್ಸ್ ನಡೆಸಿ, 2023ರಲ್ಲಿ ಜಪಾನಿನ ಬೇಸ್‌ಬಾಲ್ ಗೌರವ ಮಂದಿರಕ್ಕೆ ಆಯ್ಕೆಯಾದರು. ಹಾನ್ಶಿನ್‌ನ ರ‍್ಯಾಂಡಿ ಬಾಸ್ ಆಯ್ಕೆಯಾದದ್ದೂ ಅದೇ ವರ್ಷ. ಬಾಸ್ ಅಮೆರಿಕದಲ್ಲಿ ಐದು ತಂಡಗಳಿಗೆ ಅಲೆದು 9 ಹೋಮ್‌ರನ್ ಹೊಡೆದವರು. ಜಪಾನಿನಲ್ಲಿ 1985ರ ಒಂದೇ ವರ್ಷ 54. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅವರಿಗೆ ಸರಿಯಾಗಿ ಒಪ್ಪುತ್ತದೆ.

ಬೆವರಿನ ಬೆಲೆ:

ರಮಿರೆಸ್ ವಿಷಯ ತಿಳಿದಿರಲಿಲ್ಲ, ಧನ್ಯವಾದ. ಹೊಸ ದೇಶದಲ್ಲಿ ಮೊದಲ ತಿಂಗಳುಗಳಲ್ಲಿ ಮೈ ಹೇಗೆ ಬಳಲುತ್ತದೆ, ಮನಸ್ಸು ಹೇಗೆ ಕುಗ್ಗುತ್ತದೆ ಎಂಬುದನ್ನು ಹೇಳದೆಯೇ ಬಲ್ಲ ಒಬ್ಬ ಹಿರಿಯ ಎದುರಿಗಿದ್ದರೆ ಅರ್ಧ ಭಾರ ಇಳಿದಂತೆ. ಒಂದು ಪ್ರಶ್ನೆ: ಸೊಟೊ ಆಮೇಲೆ ಏನಾದರು?

ಕನ್ನಾಯ್ ಕನ್ನಡಿಗ:

2020ರಿಂದ ಅವರ ಹೋಮ್‌ರನ್‌ಗಳ ಸಂಖ್ಯೆ ಇಳಿಯಿತು. ತ್ಸುತ್ಸುಗೊ ಅದೇ ವರ್ಷ ಅಮೆರಿಕಕ್ಕೆ ಹೋದರು. ಅಲ್ಲಿ ಟ್ಯಾಂಪಾ ಬೇ ತಂಡ ಅವರನ್ನು ಎಡ ಅಂಗಳ, ಮೂರನೆಯ ಬೇಸ್, ಮೊದಲ ಬೇಸ್ ಎಂದು ಅಲೆದಾಡಿಸಿತು. ಯೊಕೊಹಾಮಾದ ನಾಯಕ ಅಮೆರಿಕದಲ್ಲಿ ಎಲ್ಲದಕ್ಕೂ ಸೈ ಎನಿಸಿಕೊಂಡವನಾಗಿ, ಡಾಡ್ಜರ್ಸ್, ಪೈರೇಟ್ಸ್ ಎಂದು ತಂಡ ಬದಲಿಸುತ್ತಿದ್ದುದನ್ನು ಇಲ್ಲಿಂದ ನೋಡುವುದು ಕಷ್ಟವಾಗಿತ್ತು. ಲೊಪೆಸ್ ಹೊರಟ ಮೇಲೆ ಮೊದಲ ಬೇಸ್ ಕೊನೆಗೂ ಸೊಟೊ ಪಾಲಿಗೆ ಬಂತು. 2023ರ ಕೊನೆಗೆ ಬೇಸ್ಟಾರ್ಸ್ ಬಿಟ್ಟು, 2024ರಲ್ಲಿ ಅವರು ಚಿಬಾ ಲೊಟ್ಟೆ ತಂಡ ಸೇರಿದರು.

ಅದೇ 2024ರಲ್ಲಿ ತ್ಸುತ್ಸುಗೊ ಯೊಕೊಹಾಮಾಕ್ಕೆ ಮರಳಿದರು. ಲೀಗ್‌ನಲ್ಲಿ ಮೂರನೆಯ ಸ್ಥಾನದಲ್ಲಿದ್ದ ಬೇಸ್ಟಾರ್ಸ್ 1998ರ ನಂತರ ಮೊದಲ ಬಾರಿಗೆ ಜಪಾನ್ ಸೀರೀಸ್ ಗೆದ್ದಿತು. ಮಳೆಯಿಂದಾಗಿ ಒಂದು ದಿನ ಮುಂದಕ್ಕೆ ಹೋಗಿದ್ದ ಆರನೆಯ ಪಂದ್ಯ ನವೆಂಬರ್ 3ರಂದು ನಡೆಯಿತು. ತ್ಸುತ್ಸುಗೊ ಅದರಲ್ಲಿ ಹೋಮ್‌ರನ್ ಹೊಡೆದರು. ನನಗೆ ಟಿಕೆಟ್ ಸಿಗದೆ ಕ್ರೀಡಾಂಗಣದ ಹೊರಗೆ, ಉದ್ಯಾನದ ಮರಗಳ ಕೆಳಗೆ ಸಾವಿರಾರು ಜನರ ನಡುವೆ ನಿಂತಿದ್ದೆ. ಕೊನೆಯ ಔಟ್ ಆದಾಗ ಒಳಗಿನ ಕೂಗು ಹೊರಗಿನ ಕೂಗನ್ನು ಬಂದು ಕೂಡಿತು. ನನ್ನ ಪಕ್ಕದಲ್ಲಿ ಅರವತ್ತು ದಾಟಿದ ದಂಪತಿ ಇದ್ದರು. ಗಂಡನ ಬೆನ್ನ ಮೇಲೆ ತ್ಸುತ್ಸುಗೊ ಅವರ 25. ಹೆಂಡತಿ ತೊಟ್ಟಿದ್ದ ನೀಲಿ ಅಂಗಿ ಒಗೆದೂ ಒಗೆದೂ ಬಣ್ಣ ಮಾಸಿತ್ತು. ಅದರ ಬೆನ್ನ ಮೇಲೆ 99 ಇತ್ತು, ಅಷ್ಟು ಹೊತ್ತಿಗೆ ಒಂದು ವರ್ಷದಿಂದ ಬೇರೆ ಊರಿನ ಪರವಾಗಿ ಆಡುತ್ತಿದ್ದ ಸೊಟೊ ಅವರ ಸಂಖ್ಯೆ.